ಉಳಿದ ಸಾಮಾನು

ತಾರಸಿಯ ಮೇಲಿನ ನೀರಿನ ಟ್ಯಾಂಕು ಒಡೆದದ್ದು ಹಾಡುಹಗಲೇ. ಅದರ ಕೆಳಗೇ ಇದ್ದ ಬಾಡಿಗೆ ಮನೆಯಲ್ಲಿ ಆಗ ಮಾವನೊಬ್ಬರೇ ಇದ್ದರು. ಊಟ ಮುಗಿಸಿ ಮಂಚದ ಮೇಲೆ ಅಡ್ಡಾಗಿದ್ದವರ ಎದೆಗೆ ಮೊದಲು ಒಂದು ಹನಿ ಬಿತ್ತು. ಸೊಸೆ ಒದ್ದೆ ಬಟ್ಟೆಯನ್ನು ತಲೆಯ ಮೇಲೇ ಹರವಿ ಹೋಗಿದ್ದಾಳೆ ಎಂದು ಗೊಣಗಿಕೊಂಡು ಅವರು ಮಗ್ಗುಲು ಬದಲಾಯಿಸಿದರು. ಆಮೇಲೆ ಬಿದ್ದದ್ದು ಹನಿಯಲ್ಲ, ಚಾವಣಿಯ ಗಾರೆ. ಅದರ ಹಿಂದೆಯೇ ಕೊಡ ಬೋರಲು ಹಾಕಿದ ಹಾಗೆ ನೀರು.

ಸೊಸೆ ಆ ಹೊತ್ತಿಗೆ ಕನ್ನಡಕದ ಅಂಗಡಿಯ ಹಿಂಕೋಣೆಯಲ್ಲಿ ತಿರುಗುವ ಕಲ್ಲಿನ ಮುಂದೆ ಕೂತು ಗಾಜಿನ ಅಂಚು ಉಜ್ಜುತ್ತಿದ್ದಳು. ಫೋನಿನಲ್ಲಿ ಮಾವ ಹೇಳಿದ್ದು ಇಷ್ಟೇ: "ಬೇಗ ಬಾಮ್ಮ. ಮನೆ ಸೋರ್ತಿದೆ ಅನ್ನೋ ಹಾಗಿಲ್ಲ, ಮನೆಯೇ ಕೆಳಗಿಳೀತಿದೆ."

ಅವಳು ಓಡಿ ಬಂದಾಗ ಮೆಟ್ಟಿಲ ಮೇಲಿಂದ ನೀರು ಅವಳಿಗೆ ಎದುರಾಗಿ ಇಳಿಯುತ್ತಿತ್ತು. ಮನೆ ಎಂದರೆ ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೊಂದು ಮೂರು ಕೋಣೆ: ಬೀದಿಗೆ ದೊಡ್ಡ ಕಿಟಕಿಯಿದ್ದ ಮುಂದಿನ ಕೋಣೆ, ನಡುಕೋಣೆ, ಕೊನೆಗೆ ಹಿಂದಿನ ಮೆಟ್ಟಿಲಿಗೆ ಬಾಗಿಲಿದ್ದ ಅಡುಗೆಮನೆ. ಮೊದಲ ಎರಡರ ಚಾವಣಿ ಅಲ್ಲಲ್ಲಿ ಕಳಚಿ ಒಳಗಿನ ಕಬ್ಬಿಣದ ಸರಳು ಕಾಣುತ್ತಿತ್ತು. ಮಾವ ಮೇಜಿನ ಮೇಲೆ ಕಾಲು ಮಡಚಿ ಕೂತಿದ್ದರು. ತೊಡೆಯ ಮೇಲೆ ಎರಡು ಹಳೆಯ ರೇಡಿಯೋ. ಅವರದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಅದನ್ನು ಮುಚ್ಚಿದ ಮೇಲೆ, ರಿಪೇರಿಗೆ ಕೊಟ್ಟವರು ಮರೆತೇಬಿಟ್ಟಿದ್ದ ರೇಡಿಯೋಗಳೆಲ್ಲ ಮನೆಯ ಮಂಚಗಳ ಅಡಿ ಸೇರಿದ್ದವು.

"ಇಳೀರಿ ಮಾವ, ಶಾಕ್ ಹೊಡೆದೀತು."

"ಮೇನ್ ಸ್ವಿಚ್ ತೆಗೆದೇ ಮೇಲೆ ಹತ್ತಿದ್ದು. ಜೀವಮಾನವೆಲ್ಲ ಕರೆಂಟಿನ ಜೊತೆ ಸಂಸಾರ ಮಾಡಿದೋನು ನಾನು. ನೀನು ಮೊದಲು ಮಂಚದ ಕೆಳಗಿರೋದನ್ನ ಈಚೆ ತೆಗಿ. ಪರರ ಸ್ವತ್ತು ಅದು."

ಅವಳು ಮೊದಲು ತೆಗೆದದ್ದು ಮಗಳ ಪುಸ್ತಕಗಳನ್ನು. ಪರರ ಸ್ವತ್ತಿಗಿಂತ ಪುಸ್ತಕವೇ ಹೆಚ್ಚಾಯಿತು ಎಂದು ಮಾವ ಸಂಜೆ ಎಲ್ಲರೆದುರೂ ಅಂದರು.

ಎಲ್ಲರೂ, ಅಂದರೆ ಐದೂ ಜನ, ಆ ಸಂಜೆ ಅಡುಗೆಮನೆಯಲ್ಲೇ ನಿಂತಿದ್ದರು; ಒಣಗಿದ ನೆಲ ಅಲ್ಲಿ ಮಾತ್ರ ಉಳಿದಿತ್ತು. ಮಂಡಿನೋವಿನ ಅತ್ತೆಗೆ ಇದ್ದೊಂದು ಸ್ಟೂಲು ಕೊಟ್ಟರು. ಲಿಫ್ಟ್ ರಿಪೇರಿ ಕಂಪನಿಯಲ್ಲಿ ಕೆಲಸ ಮಾಡುವ ಗಂಡ ಸಿಂಕಿಗೆ ಒರಗಿ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದ. ಮಗಳು ಪರೀಕ್ಷೆಯ ಪುಸ್ತಕದ ಹಾಳೆಗಳನ್ನು ಒಲೆಯ ಮೇಲೆ ಹಪ್ಪಳದಂತೆ ಮಗುಚಿ ಹಾಕುತ್ತಿದ್ದಳು.

"ಊರಿನ ಜನಾನೆಲ್ಲ ಲಿಫ್ಟಿಂದ ಬಿಡಿಸ್ತೀಯ, ನಮ್ಮನ್ನ ಈ ಗೂಡಿಂದ ಬಿಡಿಸೋರು ಯಾರಪ್ಪ?" ಎಂದರು ಮಾವ.

"ಲಿಫ್ಟಿಗೆ ಬಾಗಿಲಿರುತ್ತೆ ಅಪ್ಪ," ಎಂದ ಮಗ.

"ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದು ಅತ್ತೆ ಗಾದೆ ಹೇಳಿದರು.

ಮರುದಿನ ಮನೆಯ ಮಾಲೀಕ ಬಂದ. ಹಳೆಯ ಮಾಲೀಕರು ತೀರಿಕೊಂಡ ಮೇಲೆ ಕಟ್ಟಡ ಅವರ ಮಗನ ಕೈಗೆ ಬಂದಿತ್ತು. ಕೂಗಾಡುವ ಪೈಕಿ ಅಲ್ಲ, ಬೆಣ್ಣೆಯೊಳಗಿನ ಕೂದಲು ತೆಗೆದ ಹಾಗೆ ಮಾತಾಡುವ ಹುಡುಗ. ಚಾವಣಿ ನೋಡಿ ಮೂರು ಸಲ ನಾಲಿಗೆ ಲೊಚಗುಟ್ಟಿದ.

"ಅಂಕಲ್, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಒಂದೆರಡು ತಿಂಗಳು ಎಲ್ಲಾದ್ರೂ ಇರಿ. ಪೂರ್ತಿ ರಿಪೇರಿ ಮಾಡ್ಸಿ ನಾನೇ ಫೋನ್ ಮಾಡ್ತೀನಿ."

"ಕೆಳಗಿದ್ದ ಟೈಲರ್‌ಗೆ ನಿಮ್ಮಪ್ಪನೂ ಹೀಗೇ ಹೇಳಿದ್ರು. ಸುಣ್ಣ ಹೊಡೆಸ್ತೀವಿ, ಒಂದು ವಾರ ಹೋಗ್ಬನ್ನಿ ಅಂತ," ಎಂದರು ಮಾವ. "ಅವನು ವಾಪಸ್ ಬಂದಾಗ ಬಾಗಿಲಿಗೆ ಬೇರೆ ಬೀಗ."

ಹುಡುಗ ನಕ್ಕ. "ಅಪ್ಪನ ಕಾಲದ ಮಾತು ಅಂಕಲ್." ಇಲ್ಲ ಎಂದೂ ಹೇಳಲಿಲ್ಲ, ಹೌದು ಎಂದೂ ಹೇಳಲಿಲ್ಲ. ಇವರು ಕೊಡುತ್ತಿದ್ದ ಬಾಡಿಗೆಗೆ ಈಗ ಆ ಬೀದಿಯಲ್ಲಿ ಒಂದು ಸ್ಕೂಟರ್ ನಿಲ್ಲಿಸುವ ಜಾಗವೂ ಸಿಗುತ್ತಿರಲಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಅವನು ಮೆಟ್ಟಿಲಿಳಿದ ಮೇಲೆ ಮಾವ ಬಾಗಿಲು ಹಾಕಿ ತೀರ್ಪು ಕೊಟ್ಟರು. "ಹಗಲಾಗಲಿ ರಾತ್ರಿಯಾಗಲಿ ಈ ಮನೇಲಿ ಒಬ್ಬರು ಇರಲೇಬೇಕು. ಒಂದು ಗಳಿಗೆ ಬೀಗ ಹಾಕಿದ್ರೂ ಮುಗೀತು."

"ಒಬ್ಬರು ಅಂದ್ರೆ ಯಾರು ತಾತ?" ಎಂದಳು ಮಗಳು.

ಒಬ್ಬೊಬ್ಬರದೂ ಒಂದೊಂದು ಕಾರಣ ತಾನಾಗಿ ಹೊರಬಿತ್ತು. ಮಾವನಿಗೆ ಥಂಡಿ ಆಗದು, ಒಂದೇ ರಾತ್ರಿಗೆ ಎದೆ ಗೊರಗೊರ ಎನ್ನುತ್ತಿತ್ತು. ಅತ್ತೆಗೆ ಮಂಡಿ. ಮಗಳಿಗೆ ಪರೀಕ್ಷೆ. ಗಂಡನಿಗೆ ಯಾವ ಹೊತ್ತಿನಲ್ಲಿ ಯಾವ ಕಟ್ಟಡದಿಂದ ಕರೆ ಬರುತ್ತದೋ ಹೇಳಲಾಗದು. ಇಷ್ಟಾದ ಮೇಲೆ ಯಾರೂ ಯಾರ ಹೆಸರನ್ನೂ ಎತ್ತಲಿಲ್ಲ. ಸುಮ್ಮನೆ ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು.

"ಒಂದು ವಾರ ತಾನೇ," ಎಂದ ಗಂಡ. "ಅಂಗಡೀಲಿ ರಜಾ ಹೇಳು."

ಭಾನುವಾರ ಸಾಮಾನು ವಿಂಗಡಿಸಿದರು. ಗಂಡನ ತಂಗಿ, ಅಂದರೆ ಸೊಸೆಗೆ ನಾದಿನಿ, ಊರಿನ ಇನ್ನೊಂದು ತುದಿಯಲ್ಲಿ ಇದ್ದಳು. ಅವರ ಮನೆಯ ನೆಲಮಹಡಿ ಖಾಲಿಯಿತ್ತು. ಒಳ್ಳೆಯದೆಲ್ಲ ಅಲ್ಲಿಗೆ ಹೋಗಲಿ, ಮಾವ, ಅತ್ತೆ, ಮಗಳು ಸದ್ಯಕ್ಕೆ ಅಲ್ಲೇ ಇರಲಿ ಎಂದಾಗಿತ್ತು. ನಾದಿನಿಯೇ ಸಾಮಾನಿನ ಗಾಡಿ ಕರೆದುಕೊಂಡು ಬಂದು ಮೂಗಿಗೆ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು.

ಯಾವುದು ಒಳ್ಳೆಯದು ಎನ್ನುವುದರಲ್ಲೇ ಜಗಳ ಶುರುವಾಯಿತು.

"ಹಾಸಿಗೆ ಮೊದಲು," ಎಂದರು ಅತ್ತೆ. "ಹತ್ತಿ ಬಿಸಿಲು ಕಂಡ್ರೆ ಬದುಕುತ್ತೆ."

"ಅಮ್ಮ, ಅದು ಹಾಸಿಗೆ ಅಲ್ಲ, ನೆನೆದ ಬನ್ನು. ನಮ್ಮನೇಗೆ ಬೇಡ," ಎಂದಳು ನಾದಿನಿ.

"ನಿನ್ನ ಬಾಣಂತನ ಇದರ ಮೇಲೇ ಆಗಿದ್ದು ಕಣೇ!"

"ಅದಕ್ಕೇ ಬೇಡ ಅಂದಿದ್ದು."

ಟೀವಿ ಗಾಡಿ ಹತ್ತಿತು. ಕಬ್ಬಿಣದ ಬೀರು ಹತ್ತಿತು. ಮಗಳ ಓದುವ ಮೇಜು ಕಾಲು ಊದಿಸಿಕೊಂಡಿದ್ದರೂ ಹತ್ತಿತು. ಮಾವನ ರೇಡಿಯೋಗಳ ಸರದಿ ಬಂದಾಗ ಗಂಡ ಅಡ್ಡ ನಿಂತ. "ಅಪ್ಪ, ಹಾಡೋದು ಎಷ್ಟಿದೆ ಇದರಲ್ಲಿ?"

"ಒಣಗಿಸಿದ್ರೆ ಎಲ್ಲಾ ಹಾಡ್ತವೆ. ನಿನ್ನ ಹಾಗಲ್ಲ."

ರೇಡಿಯೋಗಳೂ ಹತ್ತಿದವು. ಸೊಸೆಗೆ ತವರಿನವರು ಕೊಟ್ಟಿದ್ದ ಮರದ ಬೀರುವನ್ನು ಇಬ್ಬರು ಕೂಲಿಗಳು ಎತ್ತಿನೋಡಿ ಇಳಿಸಿದರು. ನೀರು ಕುಡಿದು ಅದರ ಬಾಗಿಲು ಮುಚ್ಚದ ಹಾಗೆ ಉಬ್ಬಿಕೊಂಡಿತ್ತು. "ಇದನ್ನ ಬಿಸಾಕೋಣ ಅತ್ತಿಗೆ," ಎಂದಳು ನಾದಿನಿ, ಮೆತ್ತಗೇ. ಸೊಸೆಗೂ ಅದೇ ಸರಿ ಎನ್ನಿಸಿತು. ಕೆಟ್ಟದ್ದನ್ನೆಲ್ಲ ಕೆಳಗೆ ಹಾಕಿದರೆ ತಾನು ಇರುವ ಜಾಗವಾದರೂ ಗುಡಿಸುವ ಹಾಗಾದೀತು ಎಂದು ಅವಳು ಹರಿದ ಚಾಪೆ, ಒಡೆದ ಕುರ್ಚಿ, ಆ ಹಾಸಿಗೆ, ಎಲ್ಲವನ್ನೂ ಬಾಗಿಲ ಹತ್ತಿರ ಎಳೆದಿಟ್ಟಳು.

ಮಾವ ಅದನ್ನು ಕಾಲಿನಿಂದಲೇ ಒಳಗೆ ತಳ್ಳಿದರು. "ಖಾಲಿ ಮನೇಗೆ ನುಗ್ಗೋದು ಸುಲಭ. ಕೆಟ್ಟಿದ್ದು ಒಂದೂ ಹೊರಗೆ ಹೋಗ್ಬಾರ್ದು. ಹೊರಗಿಂದ ನೋಡೋರಿಗೆ ಇಲ್ಲಿ ಸಂಸಾರ ಇದೆ ಅಂತ ಕಾಣ್ಬೇಕು."

ಹೀಗೆ ಒಳ್ಳೆಯ ಸಾಮಾನೆಲ್ಲ ಗಾಡಿಯಲ್ಲಿ ಹೋಯಿತು. ಹಾಳಾದದ್ದೆಲ್ಲ ಉಳಿಯಿತು, ಅದರ ಜೊತೆಗೆ ಸೊಸೆ. ಗಾಡಿ ಬೀದಿಯ ತಿರುವಿನಲ್ಲಿ ಮರೆಯಾಗುವ ತನಕ ಅವಳು ಕಿಟಕಿಯಲ್ಲಿ ನಿಂತಿದ್ದಳು. ಹಿಂದೆ ತಿರುಗಿ ನೋಡಿದಾಗ, ಮೂರು ಕೋಣೆಯ ತುಂಬ ಯಾರಿಗೂ ಬೇಡವಾದದ್ದೇ ಇತ್ತು.

ಒಂದು ವಾರ ಎರಡಾಯಿತು, ಎರಡು ಮೂರಾಯಿತು. ಟ್ಯಾಂಕು ಇಲ್ಲದ್ದರಿಂದ ನಲ್ಲಿಯಲ್ಲಿ ನೀರಿಲ್ಲ. ಕೆಳಗಿನ ಅಂಗಳದ ನಲ್ಲಿಯಿಂದ ಬಕೆಟ್ಟು ಹೊತ್ತು ತರಬೇಕು. ಅಷ್ಟು ಹೊತ್ತಿಗೂ ಬಾಗಿಲು ತೆರೆದಿಡುವ ಹಾಗಿಲ್ಲ, ಬೀಗ ಹಾಕುವ ಹಾಗೂ ಇಲ್ಲ. ಅರ್ಧ ತುಂಬಿದ ಬಕೆಟ್ಟು ಹಿಡಿದು ಉಸಿರು ಕಟ್ಟಿ ಓಡಿ ಬರುತ್ತಿದ್ದಳು. ಗೋಡೆಯ ಮೇಲೆ ಹಸಿರು ಬೂಷ್ಟು ಹತ್ತಿತು. ಅನ್ನಕ್ಕೂ ಅದರ ವಾಸನೆ, ಚಹಾಕ್ಕೂ ಅದರದೇ ವಾಸನೆ. ಮೊದಮೊದಲು ಗಂಡ ದಿನಾ ಸಂಜೆ ಬಂದು ಅಡುಗೆಮನೆಯಲ್ಲೇ ಮಲಗಿ ಹೋಗುತ್ತಿದ್ದ. ಆಮೇಲೆ ದಿನ ಬಿಟ್ಟು ದಿನ ಬಂದ. ಆಮೇಲೆ, ತಂಗಿಯ ಮನೆಯಿಂದ ಕೆಲಸಕ್ಕೆ ಬಸ್ಸು ನೇರ ಸಿಗುತ್ತದೆ ಎಂದ.

ಒಂದು ದಿನ ಅಂಗಡಿಯ ಯಜಮಾನರು ಫೋನ್ ಮಾಡಿದರು. ಮುಖ ನೋಡದೆ ಮಾತಾಡುವಾಗಲೂ ಅವರದು ಸಂಕೋಚದ ದನಿ. "ತಂಗಿ, ಒಬ್ಬಳು ಹುಡುಗಿ ಕೇಳ್ಕೊಂಡು ಬಂದಿದಾಳೆ. ಕಲ್ಲು ಖಾಲಿ ಬಿಟ್ಟು ಎಷ್ಟು ದಿನ ಅಂತ ನಡೆಸಲಿ, ನೀನೇ ಹೇಳು. ಸೋಮವಾರದ ತನಕ ಕಾಯ್ತೀನಿ."

ಆ ಸಂಜೆ ಗಂಡ ಬಂದ. ಅವಳು ಬೇಳೆ ಬೇಯಿಸಿ ಆಲೂಗಡ್ಡೆ ಹುರಿದಿದ್ದಳು. ತಟ್ಟೆಗೆ ಬಡಿಸುತ್ತಲೇ ಹೇಳಿದಳು. "ಸೋಮವಾರದಿಂದ ನೀವೊಂದು ವಾರ ರಜಾ ಹಾಕಿ. ನಾನು ಅಂಗಡಿಗೆ ಹೋಗ್ತೀನಿ."

"ತಮಾಷೆ ಮಾಡ್ತಿದೀಯಾ? ನಮ್ಮಲ್ಲಿ ಇಬ್ಬರನ್ನ ತೆಗೆದಿದಾರೆ. ಈಗ ರಜಾ ಕೇಳಿದ್ರೆ ನನ್ನನ್ನೂ ಸೇರಿಸಿ ಮೂರು ಮಾಡ್ತಾರೆ."

"ನನ್ನನ್ನೂ ತೆಗೀತಾರೆ."

"ನನ್ನ ಕೆಲಸ ಹೋದ್ರೆ ಒಲೆ ಆರುತ್ತೆ. ನಿನ್ನ ಕೆಲಸ ಹೋದ್ರೆ..." ಅಲ್ಲಿಗೆ ತುತ್ತು ಬಾಯಿಗಿಟ್ಟ.

"ಹೋದ್ರೆ? ಹೇಳಿ."

"ಊಟಕ್ಕೆ ಕೂತಾಗ ಕಿರಿಕಿರಿ ಬೇಡ."

"ಹೋದ್ರೆ ಏನೂ ಆಗಲ್ಲ. ಅಷ್ಟೇ ತಾನೇ ಹೇಳೋಕೆ ಹೊರಟಿದ್ದು?"

ಅವನು ತಟ್ಟೆ ಖಾಲಿ ಮಾಡಿ, ಬಕೆಟ್ಟಿನಲ್ಲಿ ಉಳಿದಿದ್ದ ನೀರಿನಲ್ಲಿ ಕೈ ತೊಳೆದು ಎದ್ದ. ಅದು ಅವಳು ಮರುದಿನ ಬೆಳಗ್ಗೆಗೆಂದು ಇಟ್ಟುಕೊಂಡಿದ್ದ ನೀರು.

ಅತ್ತೆ ವಾಪಸು ಬಂದದ್ದು ಅದಾದ ಎರಡು ದಿನಕ್ಕೆ. ಬಾಗಿಲು ಬಡಿದ ಸದ್ದಿಗೆ ಮಾಲೀಕನ ಕಡೆಯವರೇ ಇರಬೇಕು ಎಂದು ಸೊಸೆ ಲಟ್ಟಣಿಗೆ ಹಿಡಿದೇ ಬಾಗಿಲು ತೆರೆದಳು. ಅತ್ತೆ ಬಟ್ಟೆಯ ಚೀಲ ಎದೆಗೆ ಅವುಚಿಕೊಂಡು, ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದರು.

"ಹೊಡೀತೀಯೇನೇ?"

"ಅಯ್ಯೋ, ಒಬ್ಬರೇ ಬಂದ್ರಾ? ಈ ಮೆಟ್ಟಿಲು ಹೇಗೆ ಹತ್ತಿದ್ರಿ?"

"ಕೂತ್ಕೊಂಡು ಕೂತ್ಕೊಂಡು ಹತ್ತಿದೆ. ಒಂದೊಂದು ಮೆಟ್ಟಿಲಿಗೂ ನಿನ್ನ ಗಂಡನ್ನ ಬೈದೆ, ಸಲೀಸಾಯ್ತು." ಒಳಗೆ ಬಂದು ಸ್ಟೂಲಿನ ಮೇಲೆ ಕುಸಿದರು. "ಅಲ್ಲಿ ನನ್ನನ್ನ ಟೀವಿ ಮುಂದೆ ಪ್ರತಿಷ್ಠಾಪನೆ ಮಾಡಿಬಿಟ್ಟಿದಾರೆ. ಅಡುಗೆಮನೇಗೆ ಹೋದ್ರೆ, ಅಮ್ಮ ನೀನು ಕೂತ್ಕೋ. ಬಟ್ಟೆ ಮಡಚೋಕೆ ಹೋದ್ರೆ, ಅಮ್ಮ ನೀನು ಕೂತ್ಕೋ. ಕೂತೂ ಕೂತೂ ಮಂಡಿ ಇನ್ನೂ ಹಿಡ್ಕೊಂಡಿತು. ಇದಕ್ಕಿಂತ ನಿನ್ನ ಜೊತೆ ಜಗಳ ಆಡೋದೇ ವಾಸಿ."

ಮರುದಿನ ಅತ್ತೆಯೇ ಅವಳನ್ನು ಹೊರಡಿಸಿದರು. "ನೀನು ಅಂಗಡಿಗೆ ಹೋಗು. ಮನೆ ಕಾಯೋಕೆ ಕಾಲು ಬೇಡ, ಬಾಯಿ ಸಾಕು."

ಸೊಸೆ ಹೋದಳು. ಬಹಳ ದಿನಗಳ ಮೇಲೆ ಕಲ್ಲಿನ ಮುಂದೆ ಕೂತಾಗ ಬೆರಳಿಗೆ ಜೀವ ಬಂದ ಹಾಗಾಯಿತು. ಮೊದಲನೆಯ ಜೋಡಿ ಗಾಜು ಚೌಕಟ್ಟಿನಲ್ಲಿ ಟಕ್ಕೆಂದು ಕೂತಿತು. ಎರಡನೆಯದನ್ನು ಎತ್ತಿಕೊಳ್ಳುತ್ತಿದ್ದಾಗ ಫೋನು. ಅತ್ತೆಯ ದನಿಗಿಂತ ಹಿಂದಿನ ಸುತ್ತಿಗೆಯ ಸದ್ದೇ ಜೋರಾಗಿತ್ತು.

"ಯಾರೋ ಗಾರೆ ಕೆಡವೋರು ಬಂದಿದಾರೆ ಕಣೇ. ಅಜ್ಜಿ, ಹೊರಗೆ ಹೋಗಿ, ತಲೆ ಮೇಲೆ ಬೀಳುತ್ತೆ ಅಂತಿದಾರೆ. ನಾನು ಬಾಗಿಲಿಗೆ ಅಡ್ಡ ಕೂತಿದೀನಿ. ನನ್ನ ದಾಟ್ಕೊಂಡೇ ಓಡಾಡ್ತಿದಾರೆ!"

ಅವಳು ಯಜಮಾನರ ಮುಖ ನೋಡಿದಳು. ಅವರು ಬೇರೆ ಕಡೆ ನೋಡಿದರು. ಅವಳು ಓಡಿದಳು.

ಹೋಗುವಷ್ಟರಲ್ಲಿ ಮುಂದಿನ ಕೋಣೆಯ ಚಾವಣಿಯ ಗಾರೆಯೆಲ್ಲ ನೆಲಕ್ಕೆ ಬಿದ್ದಿತ್ತು. ಅತ್ತೆಯ ತಲೆಗೂದಲು, ಹುಬ್ಬು, ರೆಪ್ಪೆ ಎಲ್ಲ ಬಿಳಿ ಧೂಳು. ಮಾಲೀಕ ಕಳಿಸಿದ್ದ ಆಳುಗಳು ಅವರ ಸುತ್ತ ಮಾತ್ರ ಒಂದು ಕುರ್ಚಿಯಷ್ಟು ಜಾಗ ಬಿಟ್ಟು ಕೆಲಸ ಮುಗಿಸಿದ್ದರು. ಸೊಸೆ ಆಳುಗಳನ್ನು ಗದರಿಸಿ ಓಡಿಸಿ, ಒದ್ದೆ ಬಟ್ಟೆಯಲ್ಲಿ ಅತ್ತೆಯ ಮುಖ ಒರೆಸಿದಳು. ಅತ್ತೆಯ ಕೈ ಇನ್ನೂ ಬಾಗಿಲ ಚೌಕಟ್ಟನ್ನು ಬಿಟ್ಟಿರಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಸೋಮವಾರ ಅಂಗಡಿಯಲ್ಲಿ ಆ ಹುಡುಗಿ ಕಲ್ಲಿನ ಮುಂದೆ ಕೂತಳು.

ಮುಂದಿನ ಭಾನುವಾರ ಗಂಡನನ್ನು ಬಲವಂತ ಮಾಡಿ ಮನೆಯಲ್ಲಿ ಕೂರಿಸಿ, ಸೊಸೆ ಮೊದಲ ಸಲ ನಾದಿನಿಯ ಮನೆಗೆ ಹೋದಳು. ಮಗಳ ಪರೀಕ್ಷೆ ಮುಗಿಯುತ್ತ ಬಂದಿತ್ತು. ಹುಡುಗಿಯ ಮುಖ ನೋಡದೆ ಎಷ್ಟೋ ದಿನವಾಗಿತ್ತು.

ನೆಲಮಹಡಿಯ ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟವಳು ತಪ್ಪು ಮನೆಗೆ ಬಂದೆನೇನೋ ಎಂದು ಒಂದು ಕ್ಷಣ ನಿಂತಳು. ತಮ್ಮದೇ ಟೀವಿ ಗೋಡೆಗೆ ಮೊಳೆ ಹೊಡೆದು ಕೂತಿತ್ತು. ತಮ್ಮದೇ ಕಬ್ಬಿಣದ ಬೀರು ಮೂಲೆ ಸೇರಿ, ಅದರ ಮೇಲೆ ಗಂಡನ ಬೂಟಿನ ಪೆಟ್ಟಿಗೆ. ಕಿಟಕಿಗೆ ಹೊಸ ಪರದೆ. ಮಾವ ಒಂದು ಉದ್ದ ಹಲಗೆಯ ಮೇಲೆ ರೇಡಿಯೋಗಳನ್ನು ಸಾಲಾಗಿ ಜೋಡಿಸಿ, ಒಂದರ ಬೆನ್ನು ಬಿಚ್ಚಿಕೊಂಡು ಕೂತಿದ್ದರು.

"ಬಾಮ್ಮ, ಬಾ. ಇದು ನಿನ್ನೆ ಹಾಡ್ತು ನೋಡು," ಎಂದರು, ಉಲ್ಲಾಸವಾಗಿ.

ಮಗಳು ಓಡಿ ಬಂದು ತಬ್ಬಿಕೊಂಡಳು. ಮರುಗಳಿಗೆ ಹಿಂದೆ ಸರಿದಳು. "ಅಮ್ಮ, ನಿನ್ನ ಬಟ್ಟೆ ವಾಸನೆ ಬರ್ತಿದೆ."

ನಾದಿನಿ ಮಹಡಿಯಿಂದ ಬಿಸಿ ಚಹಾ ತಂದಳು. ಒಳ್ಳೆಯ ಹೆಂಗಸೇ ಅವಳು, ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳಲಾರಳು. "ಪರದೆ ಬಣ್ಣ ಹೇಗಿದೆ ಅತ್ತಿಗೆ? ಅಣ್ಣ ಆರಿಸಿದ್ದು. ನಿಮ್ಮ ಬಾಡಿಗೆ ಕಾಗದ ಆದ ಮೇಲೆ ಸುಣ್ಣಾನೂ ಹೊಡೆಸೋಣ ಅಂತ ನಮ್ಮನೆಯವರು ಹೇಳ್ತಿದ್ರು."

"ಯಾವ ಬಾಡಿಗೆ ಕಾಗದ?"

ನಾದಿನಿ ಲೋಟ ಕೆಳಗಿಟ್ಟಳು. "ಅಣ್ಣ ಹೇಳಿಲ್ವಾ?"

ಮಾವ ರೇಡಿಯೋದೊಳಗೆ ಮುಖ ಹುದುಗಿಸಿದರು. ಸೊಸೆ ಅವರ ಎದುರಿಗೆ ಹೋಗಿ ನೆಲದ ಮೇಲೆ ಕೂತಳು.

"ಮಾವ, ಇಲ್ಲೇ ಇರೋದು ಅಂತ ತೀರ್ಮಾನ ಆಗಿದ್ರೆ ನಾನು ಅಲ್ಲಿ ಯಾಕೆ ಕೂತಿದೀನಿ?"

"ನೋಡಮ್ಮ, ಆ ಹುಡುಗನಿಗೆ ಮನೆ ಖಾಲಿ ಆಗ್ಬೇಕು. ಅವನು ಸುಮ್ನೆ ಖಾಲಿ ಮಾಡಿಸ್ಕೊಳ್ಳೋಕೆ ನಾವೇನು ಪೆದ್ದರಾ? ಒಂದಿಷ್ಟು ದುಡ್ಡು ಕೈಗೆ ಕೊಟ್ಟೇ ಕಳಿಸ್ಬೇಕು. ಅಲ್ಲಿವರೆಗೂ ಮನೆ ನಮ್ಮ ಹಿಡಿತದಲ್ಲಿರ್ಬೇಕಲ್ಲ."

"ಎಷ್ಟು ದಿನದಿಂದ ಈ ಯೋಚನೆ?"

"ಪರೀಕ್ಷೆ ಶುರುವಾದಾಗಿಂದ," ಎಂದಳು ಮಗಳು, ಸಣ್ಣ ದನಿಯಲ್ಲಿ. "ನಿನಗೆ ಗೊತ್ತಿದೆ ಅಂತ ಅಂದ್ಕೊಂಡಿದ್ದೆ ಅಮ್ಮ."

ಸೊಸೆ ಚಹಾ ಕುಡಿಯದೆ ಎದ್ದಳು. ವಾಪಸು ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು ಮೂಗು ಸಿಂಡರಿಸಿ ಬೇರೆ ಸೀಟಿಗೆ ಹೋದಳು. ಸೊಸೆ ಕಿಟಕಿಯ ಸರಳು ಹಿಡಿದು, ಮುಂದಿನ ನಿಲ್ದಾಣದಲ್ಲಿ ಇಳಿದುಬಿಟ್ಟರೆ ಎಲ್ಲಿಗೆ ಹೋಗಬಹುದು ಎಂದು ಲೆಕ್ಕ ಹಾಕಿದಳು. ತವರಿನಲ್ಲಿ ಅಣ್ಣನ ಸಂಸಾರ. ಅಂಗಡಿಯಲ್ಲಿ ಆ ಹುಡುಗಿ. ನಾದಿನಿಯ ಮನೆಯಲ್ಲಿ ಎಲ್ಲರ ಸಾಮಾನೂ ಇತ್ತು, ತನ್ನದೊಂದು ಬಟ್ಟೆಯೂ ಇರಲಿಲ್ಲ. ನಿಲ್ದಾಣಗಳು ಬಂದವು, ಹೋದವು. ತನ್ನ ನಿಲ್ದಾಣದಲ್ಲೇ ಇಳಿದಳು.

ಗಂಡ ಹೊರಡುವ ಆತುರದಲ್ಲಿ ಬೂಟು ಹಾಕಿಕೊಂಡೇ ಕೂತಿದ್ದ.

"ಪರದೆ ಚೆನ್ನಾಗಿದೆ," ಎಂದಳು.

ಅವನ ಮುಖದ ಬಣ್ಣ ಇಳಿಯಿತು. "ಹೇಳ್ಬೇಕು ಅಂತಲೇ ಇದ್ದೆ. ಹೇಳಿದ್ರೆ ನೀನು ಕೂರ್ತಿರ್ಲಿಲ್ಲ."

"ಅದು ಗೊತ್ತಿದ್ದೇ ಹೇಳ್ಲಿಲ್ಲ."

"ನಿನಗೇ ತಾನೇ ಒಳ್ಳೇದು? ಒಂದಿಷ್ಟು ಕೈಗೆ ಬಂದ್ರೆ ಅಲ್ಲಿ ಆರಾಮಾಗಿ ಇರ್ಬಹುದು. ಇನ್ನೊಂದು ತಿಂಗಳು..."

"ಅಲ್ಲಿಂದ ನನ್ನ ಅಂಗಡಿಗೆ ಎರಡು ಬಸ್ಸು ಬದಲಾಯಿಸ್ಬೇಕು."

"ಯಾವ ಅಂಗಡಿ ಈಗ?" ಎಂದುಬಿಟ್ಟ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಆದರೆ ಆಡಿದ ಮಾತನ್ನು ನುಂಗಲು ಆಗುವುದಿಲ್ಲ. ಅವನು ಬೇಗಬೇಗ ಮೆಟ್ಟಿಲಿಳಿದು ಹೋದ.

ಅತ್ತೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದರು. ಸೊಸೆ ಹೋಗಿ ಎದುರು ನಿಂತಳು. "ನಿಮಗೂ ಗೊತ್ತಿತ್ತಾ?"

"ಗೊತ್ತಾದ ದಿನವೇ ಚೀಲ ತಗೊಂಡು ಬಂದೆ."

"ಬಂದ ದಿನ ಯಾಕೆ ಹೇಳ್ಲಿಲ್ಲ?"

"ಮಗನ ಬಗ್ಗೆ ಯಾವ ಬಾಯಲ್ಲಿ ಹೇಳಲೇ?" ಅತ್ತೆ ಚಾಕು ಕೆಳಗಿಟ್ಟರು. ಕಣ್ಣಲ್ಲಿ ನೀರಿತ್ತು. ಈರುಳ್ಳಿಯದೂ ಇರಬಹುದು. "ಹೇಳೋಕೆ ಆಗ್ಲಿಲ್ಲ. ಜೊತೆಗೆ ಕೂರೋಕೆ ಆಯ್ತು, ಕೂತೆ."

ಸೊಸೆ ಸಿಟ್ಟಿನಿಂದ ನಡುಕೋಣೆಗೆ ಹೋದವಳು ಆ ಉಬ್ಬಿದ ಬೀರುವನ್ನು ಎರಡೂ ಕೈಯಲ್ಲಿ ದೂಡಿದಳು. ಅದು ಅಲುಗಲಿಲ್ಲ. ಇನ್ನೊಂದು ಸಲ ದೂಡಿದಳು. ಹಿಂದಿನಿಂದ ಅತ್ತೆ ಬಂದು ಭುಜ ಕೊಟ್ಟರು. "ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ. ತಳ್ಳು." ಬೀರು ಕಿರುಗುಟ್ಟಿ ಬಾಗಿಲು ದಾಟಿತು. ಅದಾದ ಮೇಲೆ ಹಾಸಿಗೆ, ಚಾಪೆ, ಕುರ್ಚಿಗಳು. ಮೂರು ದಿನ ಇಬ್ಬರೂ ಅದೇ ಕೆಲಸ ಮಾಡಿದರು. ಒಂದೊಂದನ್ನೂ ಎತ್ತಿ, ಮೂಸಿ, ಇದು ಬೇಕಾ ಬೇಡವಾ ಎಂದು ಬಾಯಿಬಿಟ್ಟು ಕೇಳಿಕೊಂಡು ಇಟ್ಟರು ಅಥವಾ ಎಸೆದರು. ಅತ್ತೆ ನಾದಿನಿಯ ಬಾಣಂತನದ ಹಾಸಿಗೆಯನ್ನು ತಾವೇ ಮೆಟ್ಟಿಲಿನಿಂದ ಉರುಳಿಸಿದರು. ಕೊನೆಗೆ ಉಳಿದದ್ದು ಎರಡು ಚಾದರ, ನಾಲ್ಕು ಪಾತ್ರೆ, ಸ್ಟೂಲು, ಒಲೆ.

ಆಮೇಲೆ ಸೊಸೆ ಮಾಲೀಕನಿಗೆ ಫೋನ್ ಮಾಡಿ ಕರೆಸಿದಳು.

ಖಾಲಿ ಮನೆ ನೋಡಿ ಹುಡುಗನ ಮುಖ ಅರಳಿತು. "ಅಂತೂ ಮನಸ್ಸು ಮಾಡಿದ್ರಿ ಆಂಟಿ."

"ಮಾಡಿದೀವಿ. ಬೀದಿ ಕಡೆ ಕೋಣೆ, ದೊಡ್ಡ ಕಿಟಕಿ, ಮುಂಬಾಗಿಲು ಎಲ್ಲಾ ನೀವೇ ತಗೊಳ್ಳಿ. ನಡುಕೋಣೆ, ಅಡುಗೆಮನೆ ನಮಗೆ. ನಡುಕೋಣೆ ಚಾವಣಿ ರಿಪೇರಿ ಮಾಡ್ಸಿ, ನಡುವೆ ಗೋಡೆ ಎಬ್ಬಿಸಿ. ನಾವು ಹಿಂದಿನ ಮೆಟ್ಟಿಲಲ್ಲಿ ಓಡಾಡ್ತೀವಿ. ಬಾಡಿಗೆ ರಸೀತಿ ಅತ್ತೆ ಹೆಸರಲ್ಲಿ, ನನ್ನ ಹೆಸರಲ್ಲಿ."

ಹುಡುಗ ಯೋಚಿಸಿದ. ಬೀದಿ ಕಡೆಯ ಕೋಣೆಯೆಂದರೆ ನಾಳೆಯೇ ಆಫೀಸಿಗೆ ಕೊಡಬಹುದು. "ಆದ್ರೆ ಅಂಕಲ್ ಒಪ್ಬೇಕಲ್ಲ?"

"ಅಂಕಲ್ ಇಲ್ಲಿದಾರಾ?" ಎಂದರು ಅತ್ತೆ. "ಇರೋರ ಹತ್ರ ಮಾತಾಡಪ್ಪ."

ಸುದ್ದಿ ತಿಳಿದ ಸಂಜೆಯೇ ಮಾವ, ಗಂಡ ಇಬ್ಬರೂ ಬಂದರು. ಮಾವನಿಗೆ ಮೆಟ್ಟಿಲು ಹತ್ತಿ ಬಂದ ಆಯಾಸಕ್ಕೂ ಸಿಟ್ಟಿಗೂ ಏದುಸಿರು ಬರುತ್ತಿತ್ತು. "ಕೈಗೆ ಬಂದ ತುತ್ತನ್ನ ಬಾಯಿಗೆ ಬರದ ಹಾಗೆ ಮಾಡಿದೆಯಲ್ಲಮ್ಮ! ಅರ್ಧ ಮನೆ ಬಿಟ್ಟಿ ಕೊಟ್ಟೆ!"

"ಅರ್ಧ ಉಳಿಸ್ಕೊಂಡೆ ಮಾವ."

"ಯಾರನ್ನ ಕೇಳಿ?"

"ನೀವು ಅಲ್ಲಿ ಬಾಡಿಗೆ ಮಾತಾಡಿದಾಗ ನನ್ನ ಕೇಳಿದ್ರಾ?"

ಮಾವ ಹೆಂಡತಿಯ ಕಡೆ ತಿರುಗಿದರು. "ನೀನಾದ್ರೂ ಬುದ್ಧಿ ಹೇಳ್ಬಾರ್ದಿತ್ತಾ?"

"ನಾನು ಬುದ್ಧಿ ಕಲೀತಿದ್ದೆ," ಎಂದರು ಅತ್ತೆ. "ನೀವು ಮೇಲುಸಿರು ಬಿಡ್ತಿದೀರ, ಮೊದಲು ಕೂತ್ಕೊಳ್ಳಿ. ಚಹಾ ಕುಡಿದು ಹೋಗಿ."

ಹೋಗಿ ಎಂದದ್ದು ಮಾವನಿಗೆ ತಗಲಿತು. ಅವರು ಚಹಾ ಕುಡಿಯದೆ ಎದ್ದರು. ಗಂಡ ಅಪ್ಪನ ತೋಳು ಹಿಡಿದು ಇಳಿಸಿಕೊಂಡು ಹೋದ. ಹೆಂಡತಿಯ ಕಡೆ ನೋಡಲಿಲ್ಲ.

ಗೋಡೆ ಎದ್ದಿತು. ಅದು ಎದ್ದ ಮೇಲೆಯೇ ಗೊತ್ತಾದದ್ದು, ಆ ಮನೆಗಿದ್ದ ಬೆಳಕೆಲ್ಲ ಬೀದಿಯ ಕಿಟಕಿಯದು ಎಂದು. ನಡುಕೋಣೆಯಲ್ಲಿ ಮಧ್ಯಾಹ್ನವೂ ದೀಪ ಬೇಕಾಯಿತು. ಹಿಂದಿನ ಮೆಟ್ಟಿಲಿನ ಬಾಗಿಲು ತೆರೆದರೆ ಎದುರು ಕಟ್ಟಡದ ಗೋಡೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಅಂಗಡಿಯ ಯಜಮಾನರು ಕಲ್ಲನ್ನು ವಾಪಸು ಕೊಡಲಿಲ್ಲ. ಮುಂದಿನ ಗಲ್ಲಾಪೆಟ್ಟಿಗೆಯ ಹತ್ತಿರ ನಿಂತು ಗಿರಾಕಿಗಳಿಗೆ ಚೌಕಟ್ಟು ತೋರಿಸುವ ಕೆಲಸ ಕೊಟ್ಟರು. ದಿನವಿಡೀ ನಿಲ್ಲಬೇಕು, ಸಂಬಳವೂ ಕಡಿಮೆ. ಅವಳು ಒಪ್ಪಿಕೊಂಡಳು. ಹಿಂಕೋಣೆಯಿಂದ ಕಲ್ಲಿನ ಸದ್ದು ಕೇಳಿದಾಗಲೆಲ್ಲ, ಆ ಹುಡುಗಿ ಗಾಜನ್ನು ಕೊಂಚ ಜೋರಾಗಿ ಒತ್ತುತ್ತಿದ್ದಾಳೆ ಎಂದು ಅವಳಿಗೆ ತಿಳಿಯುತ್ತಿತ್ತು. ಹೇಳಲು ಹೋಗುತ್ತಿರಲಿಲ್ಲ.

ಮಗಳು ಶನಿವಾರ ಬಂದು ಒಂದು ರಾತ್ರಿ ಇದ್ದು ಹೋದಳು. ಇಕ್ಕಟ್ಟು ಎಂದಳು, ಆದರೆ ಮರುವಾರವೂ ಬಂದಳು.

ಗಂಡ ಬಂದದ್ದು ಅದಕ್ಕೂ ಮೇಲೆ, ಒಂದು ಸಂಜೆ. ಹಳೆಯ ಅಭ್ಯಾಸದಂತೆ ಮೊದಲು ಮುಂಬಾಗಿಲಿಗೆ ಹೋಗಿ, ಅಲ್ಲಿ ಹೊಸ ಬಾಡಿಗೆಯ ಆಫೀಸಿನವರನ್ನು ಎಬ್ಬಿಸಿ ಮುಜುಗರಪಟ್ಟುಕೊಂಡು ಸುತ್ತಿ ಬಂದಿದ್ದ. ಸಲಕರಣೆಯ ಚೀಲ ಹೆಗಲಲ್ಲಿತ್ತು. ಅದನ್ನು ಎಲ್ಲಿಡಬೇಕೆಂದು ಸುತ್ತ ನೋಡಿ, ಹಾಗೇ ಹೊತ್ತುಕೊಂಡು ನಿಂತ.

"ಊಟ ಆಯ್ತಾ?" ಎಂದು ಅತ್ತೆ ಕೇಳಿದರು.

"ಇಲ್ಲ."

ಸೊಸೆ ತಟ್ಟೆ ಹಾಕಿದಳು. ಅನ್ನ, ಬೇಳೆ, ಒಂದು ಮೊಟ್ಟೆ. ಚೀಲವನ್ನು ಹೆಗಲಿನಿಂದ ಇಳಿಸದೆಯೇ ಅವನು ಗೋಡೆಗೆ ಬೆನ್ನು ಕೊಟ್ಟು ಕೂತಾಗ ಅವನ ಮಂಡಿ ಎದುರಿನ ಒಲೆಕಟ್ಟೆಗೆ ತಾಗುತ್ತಿತ್ತು. ತಿಂದು ಮುಗಿಸಿ, ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಅಲ್ಲಿ ಅಪ್ಪ ಎಲ್ಲಾ ರೇಡಿಯೋನೂ ಒಟ್ಟಿಗೆ ಹಾಕ್ಕೊಂಡು ಕೂರ್ತಾರೆ," ಎಂದ. "ನಾನು ಇಲ್ಲೇ ಇರ್ಲಾ?"

ಅತ್ತೆ ಸೊಸೆಯ ಮುಖ ನೋಡಿದರು. ಉತ್ತರ ತಮ್ಮದಲ್ಲ ಎನ್ನುವಂತೆ ಚಾದರ ಮಡಚತೊಡಗಿದರು.

"ಇರಿ," ಎಂದಳು ಸೊಸೆ. "ಬಾಗಿಲ ಹತ್ರ ಜಾಗ ಇದೆ. ಕಾಲು ಚಾಚೋಕೆ ಆಗಲ್ಲ, ಮುದುಡಿ ಮಲಗ್ಬೇಕು."

ಅವನು ಆ ಜಾಗವನ್ನು ಕಣ್ಣಲ್ಲೇ ಅಳೆದ. "ಎಷ್ಟು ದಿನ ಹೀಗೆ?"

"ಗೊತ್ತಿಲ್ಲ. ನನ್ನನ್ನ ಒಂದು ವಾರ ಅಂತ ಹೇಳಿ ಕೂರಿಸಿದ್ರಿ."

ಅವನು ಕೈ ತೊಳೆಯಲು ಎದ್ದು ನಲ್ಲಿ ತಿರುಗಿಸಿದ. ಗಾಳಿಯ ಸದ್ದು ಬಂತು, ನೀರು ಬರಲಿಲ್ಲ. ಹೊಸ ಟ್ಯಾಂಕಿನ ಕೊಳವೆಯನ್ನು ಮಾಲೀಕ ಮುಂದಿನ ಕೋಣೆಗೆ ಮಾತ್ರ ಎಳೆಸಿದ್ದ. ಮೂಲೆಯಲ್ಲಿದ್ದ ಎರಡು ಬಕೆಟ್ಟುಗಳೂ ಬರಿದಾಗಿದ್ದವು. ಗಂಡ ಒಂದು ಗಳಿಗೆ ಅವುಗಳನ್ನು ನೋಡುತ್ತ ನಿಂತ. ಆಮೇಲೆ ಸಲಕರಣೆಯ ಚೀಲ ಕೆಳಗಿಳಿಸಿ, ಎಂಜಲು ಕೈಯಲ್ಲೇ ಎರಡನ್ನೂ ಎತ್ತಿಕೊಂಡು ಮೆಟ್ಟಿಲಿಳಿದ.

ಕೆಳಗೆ ಅಂಗಳದಲ್ಲಿ ನೀರು ಬಕೆಟ್ಟಿನ ತಳಕ್ಕೆ ಬೀಳುವ ಸದ್ದು ಕೇಳಿಸಿತು. ಬಹಳ ಹೊತ್ತಿನ ಮೇಲೆ ಹೆಜ್ಜೆಗಳು ಮೇಲಕ್ಕೆ ಬರತೊಡಗಿದವು. ಮೊದಲ ಮಹಡಿಯಲ್ಲಿ ನಿಂತವು, ಉಸಿರೆಳೆದುಕೊಂಡವು, ಮತ್ತೆ ಹತ್ತಿದವು. ಎರಡನೆಯದರಲ್ಲಿ ಇನ್ನೂ ಹೆಚ್ಚು ಹೊತ್ತು ನಿಂತವು. ನೀರು ತುಳುಕಿ ಮೆಟ್ಟಿಲ ಮೇಲೆ ಚೆಲ್ಲಿದ ಸದ್ದು.

ಒಳಗಿದ್ದ ಹೆಂಗಸರಿಬ್ಬರೂ ಕೇಳಿಸಿಕೊಂಡರು. ಇಬ್ಬರಲ್ಲಿ ಯಾರೂ ಏಳಲಿಲ್ಲ.